ಕಾಲು ಎತ್ತಿ ನೋಡುವ ಪರೀಕ್ಷೆ: ನರದ ನೋವನ್ನು ಕೈಯಿಂದ ಹುಡುಕುವ ಬಗೆ

ಸೊಂಟ ಹಿಡಿದು, ನೋವು ಪಿರ್ರೆಯಿಂದ ತೊಡೆಯ ಹಿಂಭಾಗಕ್ಕಿಳಿದು, ಮೀನಖಂಡ ದಾಟಿ ಪಾದದವರೆಗೆ ಎಳೆಯತೊಡಗಿದರೆ ಸುತ್ತಲಿನವರು ಮೊದಲು ಕೇಳುವುದು "ಎಂಆರ್‌ಐ ಮಾಡಿಸಿದ್ರಾ?" ಎಂದೇ. ಮಾಡಿಸಿಕೊಂಡು ಬಂದವರ ಕೈಯಲ್ಲಿ ದೊಡ್ಡ ಕವರ್ ಇರುತ್ತದೆ. ಒಳಗಿನ ವರದಿಯಲ್ಲಿ "ಎಲ್4-ಎಲ್5 ಡಿಸ್ಕ್ ಬಲ್ಜ್" ಎಂಬ ಸಾಲು ಇರುತ್ತದೆ, ಅಂದರೆ ಎರಡು ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎಂದು. ಆ ಸಾಲು ಓದಿಯೇ ಎಷ್ಟೋ ಜನ ಹೆದರಿ, ಬಾಗುವುದನ್ನೇ ಬಿಟ್ಟಿರುತ್ತಾರೆ. ಆದರೆ ಅವರ ಕಾಲನ್ನು ಯಾರಾದರೂ ಸರಿಯಾಗಿ ಮುಟ್ಟಿ ನೋಡಿದ್ದಾರಾ ಎಂದು ಕೇಳಿದರೆ, ಬಹಳ ಸಲ ಇಲ್ಲ ಎಂಬ ಉತ್ತರವೇ ಬರುತ್ತದೆ.

ಸ್ಕ್ಯಾನ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಡಿಸ್ಕ್ ಉಬ್ಬಿದೆಯೇ ಎಂದು ತೋರಿಸುತ್ತದೆ. ನೋವು ಆ ಉಬ್ಬಿನಿಂದಲೇ ಬರುತ್ತಿದೆಯೇ ಎಂದು ಹೇಳುವುದು ಅದರ ಕೈಲಾಗದು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. 20ರ ವಯಸ್ಸಿನವರಲ್ಲಿ ಶೇ. 30ರಷ್ಟು, 80ರ ವಯಸ್ಸಿನವರಲ್ಲಿ ಶೇ. 84ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಇವರೆಲ್ಲ ಯಾವ ತೊಂದರೆಯೂ ಇಲ್ಲದೆ ಓಡಾಡುತ್ತಿದ್ದವರು. ಹಾಗಾಗಿ ಚಿತ್ರದಲ್ಲಿ ಕಂಡದ್ದಕ್ಕೂ ದೇಹ ಹೇಳುತ್ತಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ಯಾರಾದರೂ ನೋಡಲೇಬೇಕು. ಆ ಕೆಲಸ ಕೈಯಿಂದ ಮಾಡುವ ಪರೀಕ್ಷೆಯದು. ಅದಕ್ಕೆ ಬೇಕಾದದ್ದು ಒಂದು ಮಂಚ, ರಬ್ಬರ್ ಸುತ್ತಿಗೆ, ಹತ್ತಿ, ಹೊಸ ಪಿನ್ನು, ಮತ್ತೆ ಸುಮಾರು ಕಾಲು ಗಂಟೆ. ಸರಿಯಾಗಿ ಮಾಡಿದರೆ ಇದು ತುಂಬಾ ಹೇಳುತ್ತದೆ. ಕಾಟಾಚಾರಕ್ಕೆ ಮಾಡಿದರೆ ಸುಳ್ಳು ಉತ್ತರ ಕೊಡುತ್ತದೆ, ಆ ಸುಳ್ಳನ್ನು ನಂಬಿ ಚಿಕಿತ್ಸೆಯೂ ನಡೆದುಹೋಗುತ್ತದೆ.

ಈ ಬರಹ ಫಿಸಿಯೋಥೆರಪಿ, ನರ್ಸಿಂಗ್, ಎಂಬಿಬಿಎಸ್ ಓದುತ್ತಿರುವವರಿಗೆ. ಹಾಗೆಯೇ, ಪರೀಕ್ಷೆಯ ಮಂಚದ ಮೇಲೆ ಮಲಗಿ "ಇವರು ನನ್ನ ಕಾಲು ಯಾಕೆ ಎತ್ತುತ್ತಿದ್ದಾರೆ?" ಎಂದು ಯೋಚಿಸುವ ರೋಗಿಗಳಿಗೂ.

ನರ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಸೊಂಟದ ಭಾಗದಲ್ಲಿ 5 ಬೆನ್ನುಮೂಳೆಗಳಿವೆ. ಮೇಲಿನಿಂದ ಎಲ್1, ಎಲ್2 ಎಂದು ಎಣಿಸಿ ಎಲ್5ರವರೆಗೆ ಬರುತ್ತೇವೆ. ಅದರ ಕೆಳಗೆ ಎಸ್1. ಪ್ರತಿ ಮಟ್ಟದಲ್ಲೂ ಎಡಕ್ಕೊಂದು, ಬಲಕ್ಕೊಂದು ನರದ ಬೇರು ಹೊರಬರುತ್ತದೆ. ಎಲ್4ರಿಂದ ಎಸ್3ರವರೆಗಿನ ಬೇರುಗಳು ಕೂಡಿ ಸಯಾಟಿಕ್ ನರವಾಗುತ್ತವೆ. ಇದು ದೇಹದ ಅತಿ ದಪ್ಪ ನರ.

ಸೊಂಟದಲ್ಲಿ ಡಿಸ್ಕ್ ಜಾರುವ ಪ್ರಕರಣಗಳಲ್ಲಿ ಸುಮಾರು ಶೇ. 95ರಷ್ಟು ಕೆಳಗಿನ ಎರಡು ಜಾಗಗಳಲ್ಲೇ ಆಗುತ್ತವೆ: ಎಲ್4-ಎಲ್5 ನಡುವೆ, ಇಲ್ಲವೇ ಎಲ್5-ಎಸ್1 ನಡುವೆ. ಇಲ್ಲಿ ಹೊಸಬರು ಎಡವುವ ಒಂದು ವಿಷಯವಿದೆ. ಎಲ್4-ಎಲ್5 ಡಿಸ್ಕ್ ಜಾರಿದರೆ ಸಾಮಾನ್ಯವಾಗಿ ಒತ್ತಡ ಬೀಳುವುದು ಎಲ್4 ಬೇರಿನ ಮೇಲಲ್ಲ, ಎಲ್5 ಬೇರಿನ ಮೇಲೆ. ಎಲ್4 ಬೇರು ಡಿಸ್ಕ್‌ಗಿಂತ ಮೇಲೆಯೇ ಹೊರಗೆ ಹೋಗಿಬಿಟ್ಟಿರುತ್ತದೆ. ಕೆಳಗಿನ ಕಿಂಡಿಯತ್ತ ಹೊರಟ ಎಲ್5 ಬೇರು ಆ ಉಬ್ಬಿಗೆ ಸಿಗುತ್ತದೆ. ಹಾಗೆಯೇ ಎಲ್5-ಎಸ್1 ಡಿಸ್ಕ್ ಎಸ್1 ಬೇರನ್ನು ಕಾಡುತ್ತದೆ. ಡಿಸ್ಕ್ ಪಕ್ಕಕ್ಕೆ ತೀರಾ ದೂರ ಜಾರಿದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಕಾಲು ಎತ್ತುವುದರ ಹಿಂದಿನ ಲೆಕ್ಕ

ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ನೆಟ್ಟಗಿಟ್ಟು ಕಾಲು ಎತ್ತುವ ಪರೀಕ್ಷೆಗೆ ಸ್ಟ್ರೇಟ್ ಲೆಗ್ ರೈಸ್ ಎನ್ನುತ್ತಾರೆ. ವಾರ್ಡ್‌ಗಳಲ್ಲಿ ಎಲ್ಲರೂ ಎಸ್‌ಎಲ್‌ಆರ್ ಎಂದೇ ಕರೆಯುವುದು. ಪುಸ್ತಕಗಳಲ್ಲಿ ಇದಕ್ಕೆ ಫ್ರಾನ್ಸಿನ ವೈದ್ಯ ಶಾರ್ಲ್ ಲಾಸೆಗ್ ಅವರ ಹೆಸರಿದೆ. ಆದರೆ ಲಾಸೆಗ್ ಇದರ ಬಗ್ಗೆ ಸ್ವತಃ ಬರೆದವರಲ್ಲ. 1881ರಲ್ಲಿ ಅವರ ಶಿಷ್ಯ ಫೋರ್ಸ್ಟ್ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1880ರಲ್ಲಿ, ಸರ್ಬಿಯಾದ ಲಾಜಾ ಲಾಜಾರೆವಿಚ್ ಇದೇ ಪರೀಕ್ಷೆಯನ್ನು ಬರೆದಿಟ್ಟಿದ್ದರು. ಅವರು ವೈದ್ಯರೂ ಹೌದು, ತಮ್ಮ ನಾಡಿನಲ್ಲಿ ಹೆಸರಾದ ಕತೆಗಾರರೂ ಹೌದು. ಕಾರಣವನ್ನು ಸರಿಯಾಗಿ ಹಿಡಿದವರೂ ಅವರೇ. ತೊಡೆಯ ಸ್ನಾಯು ನರವನ್ನು ಹಿಂಡುವುದರಿಂದ ನೋವು ಬರುತ್ತದೆ ಎಂದು ಪ್ಯಾರಿಸ್‌ನವರು ಅಂದುಕೊಂಡರೆ, ನರ ಎಳೆಯಲ್ಪಡುವುದರಿಂದ ಬರುತ್ತದೆ ಎಂದು ಲಾಜಾರೆವಿಚ್ ಹೇಳಿದರು.

ಈ ಕಾರಣ ತಿಳಿದಿದ್ದರೆ ಪರೀಕ್ಷೆಯ ಪ್ರತಿ ಹೆಜ್ಜೆಯೂ ತಾನಾಗಿ ಅರ್ಥವಾಗುತ್ತದೆ. ನರ ದೇಹದೊಳಗೆ ಅಂಟಿಕೊಂಡು ಕೂತಿರುವುದಿಲ್ಲ. ಸೈಕಲ್ ಬ್ರೇಕಿನ ತಂತಿ ತನ್ನ ಕೊಳವೆಯೊಳಗೆ ಜಾರುವ ಹಾಗೆ ಅದೂ ಜಾರುತ್ತದೆ. ಕಾಲು ಎತ್ತಿದಾಗ ಮೊದಲ 30 ಡಿಗ್ರಿಯವರೆಗೆ ನರದ ಸಡಿಲು ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದೆ ಬೇರಿನ ಮೇಲೆ ಎಳೆತ ಬೀಳುತ್ತದೆ. 70 ಡಿಗ್ರಿ ದಾಟಿದ ಮೇಲೆ ನರ ಹೆಚ್ಚೇನೂ ಜಾರುವುದಿಲ್ಲ. ಅಲ್ಲಿ ಬರುವ ನೋವು ತೊಡೆಯ ಸ್ನಾಯುವಿನದೋ, ಸೊಂಟದ ಕೀಲಿನದೋ ಆಗಿರುವ ಸಾಧ್ಯತೆ ಜಾಸ್ತಿ. ಆರೋಗ್ಯವಾಗಿರುವ ನರವನ್ನು ಹೀಗೆ ಎಳೆದರೆ ಏನೂ ಆಗುವುದಿಲ್ಲ. ಊದಿಕೊಂಡು, ಡಿಸ್ಕ್‌ಗೆ ಒತ್ತಿಕೊಂಡಿರುವ ಬೇರನ್ನು ಎಳೆದರೆ ಕಾಲಿನುದ್ದಕ್ಕೂ ಕರೆಂಟ್ ಹೊಡೆದಂತಾಗುತ್ತದೆ.

ಈಗ ಮಾಡುವ ಕ್ರಮ ನೋಡೋಣ. ರೋಗಿ ಅಂಗಾತ, ಸಡಿಲವಾಗಿ ಮಲಗಲಿ. ತಲೆದಿಂಬು ತೆಗೆಯಿರಿ. ಕುತ್ತಿಗೆ ಬಾಗಿದ್ದರೆ ಮೇಲಿನಿಂದಲೂ ನರ ಎಳೆದುಕೊಂಡಿರುತ್ತದೆ, ಆಗ ಲೆಕ್ಕ ತಪ್ಪುತ್ತದೆ. ಏನು ಮಾಡುತ್ತೀರಿ ಎಂದು ಮೊದಲೇ ಹೇಳಿ. ನೋವು ಬಂದ ಕೂಡಲೇ ನಿಲ್ಲಿಸುತ್ತೇನೆ ಎಂಬ ಮಾತನ್ನೂ ಕೊಡಿ. ಹೆದರಿದ ರೋಗಿ ಸ್ನಾಯು ಬಿಗಿ ಹಿಡಿಯುತ್ತಾನೆ, ಆಮೇಲೆ ಯಾವ ಉತ್ತರವೂ ಸಿಗುವುದಿಲ್ಲ. ನೋವಿಲ್ಲದ ಕಾಲಿನಿಂದ ಶುರು ಮಾಡಿ. ಆ ಮನುಷ್ಯನಿಗೆ ಸಹಜವಾದದ್ದು ಎಷ್ಟು ಎಂದು ಗೊತ್ತಾಗುವುದು ಹಾಗೆಯೇ.

ಒಂದು ಕೈ ಹಿಮ್ಮಡಿಯ ಕೆಳಗೆ, ಇನ್ನೊಂದು ಕೈ ಮಂಡಿಚಿಪ್ಪಿನ ಸ್ವಲ್ಪ ಮೇಲೆ. ಮಂಡಿ ಬಾಗಬಾರದು. ಕಾಲು ಹೊರಕ್ಕೆ ತಿರುಗಲೂಬಾರದು. ರೋಗಿ ತಾನಾಗಿ ಎತ್ತಬಾರದು, ಭಾರವೆಲ್ಲ ನಿಮ್ಮ ಕೈಯಲ್ಲಿರಬೇಕು. ನಿಧಾನವಾಗಿ ಎತ್ತಿ. ನಿಮ್ಮ ಕಣ್ಣು ಕಾಲಿನ ಮೇಲಲ್ಲ, ರೋಗಿಯ ಮುಖದ ಮೇಲಿರಲಿ. ಮುಖ ಕಿವುಚಿದಾಗ ಅಲ್ಲೇ ನಿಲ್ಲಿಸಿ ಕೇಳಿ: "ಈಗ ಏನಾಗ್ತಿದೆ? ಎಲ್ಲಿ?" ಎಂದು.

"ನೋಯ್ತಿದೆಯಾ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಹತ್ತಕ್ಕೆ ಒಂಬತ್ತು ಜನ ಹೌದು ಎನ್ನುತ್ತಾರೆ. ನಮಗೆ ಬೇಕಾದದ್ದು ಬರೀ ನೋವಲ್ಲ, ಅವರು ಮನೆಯಿಂದ ಹೊತ್ತು ತಂದ ಅದೇ ನೋವು. ಪಿರ್ರೆಯಿಂದ ಇಳಿದು ಮಂಡಿಯ ಕೆಳಗೆ ಹೋಗುವ ನೋವು. "ಇದೇ ನೋಡಿ, ರಾತ್ರಿ ನಿದ್ದೆ ಕೆಡಿಸುವುದು ಇದೇ" ಎಂದು ರೋಗಿ ಗುರುತು ಹಿಡಿದರೆ ಅದು ಪಾಸಿಟಿವ್. ಬರೀ ಸೊಂಟ ನೋಯುತ್ತಿದ್ದರೆ ಅಲ್ಲ. ತೊಡೆಯ ಹಿಂದೆ, ಮಂಡಿಯ ಹಿಂದೆ ಬಿಗಿತವಾದರೂ ಅಲ್ಲ. ಕೇಸ್ ಶೀಟ್‌ಗಳಲ್ಲಿ "ಎಸ್‌ಎಲ್‌ಆರ್ ಪಾಸಿಟಿವ್" ಎಂದು ಎರಡೇ ಪದ ಬರೆದು ಮುಗಿಸುವುದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಎಷ್ಟು ಡಿಗ್ರಿಯಲ್ಲಿ, ಯಾವ ಕಾಲು, ನೋವು ಎಲ್ಲಿಯವರೆಗೆ ಇಳಿಯಿತು: ಇಷ್ಟು ಬರೆಯದಿದ್ದರೆ ಮುಂದಿನ ವಾರ ರೋಗಿ ಸುಧಾರಿಸಿದ್ದಾನೋ ಇಲ್ಲವೋ ಎಂದು ಹೇಳುವುದು ಹೇಗೆ?

ಸ್ನಾಯುವೋ ನರವೋ ಎಂಬ ಅನುಮಾನ ಉಳಿದರೆ ಬಿಡಿಸಿಕೊಳ್ಳುವ ದಾರಿ ತುಂಬಾ ಸರಳ, ಅಷ್ಟೇ ಚೆಂದ. ನೋವು ಬಂದ ಜಾಗದಿಂದ ಕಾಲನ್ನು ಸ್ವಲ್ಪ ಕೆಳಗಿಳಿಸಿ, ನೋವು ಹೋಗುವಷ್ಟು ಮಾತ್ರ. ಈಗ ಕಾಲು ಅಲ್ಲಾಡಿಸದೆ, ಪಾದವನ್ನಷ್ಟೇ ಮೂಗಿನ ಕಡೆಗೆ ಬಾಗಿಸಿ. ತೊಡೆಯ ಹಿಂದಿನ ಸ್ನಾಯುಗಳು ಮಂಡಿಯ ಕೆಳಗೇ ಮುಗಿಯುತ್ತವೆ. ಪಾದ ಬಾಗಿಸಿದರೆ ಅವುಗಳಿಗೆ ಏನೂ ಆಗುವುದಿಲ್ಲ. ಆದರೆ ಸಯಾಟಿಕ್ ನರದ ಕವಲು ಪಾದದವರೆಗೂ ಹೋಗುತ್ತದೆ. ಹಾಗಾಗಿ ಪಾದ ಬಾಗಿಸಿದಾಗ ಹಳೆಯ ನೋವು ಮತ್ತೆ ಬಂದರೆ ಅದು ನರದ್ದು. ಕೆಲವರು ಇದರ ಬದಲು ರೋಗಿಗೆ ಗದ್ದವನ್ನು ಎದೆಗೆ ತಾಗಿಸಲು ಹೇಳುತ್ತಾರೆ. ಕುತ್ತಿಗೆ ಬಾಗಿದರೆ ಕಾಲಿನ ನೋವು ಹೆಚ್ಚುವುದು ನರದಿಂದ ಮಾತ್ರ ಸಾಧ್ಯ. ಮೀನಖಂಡದ ಸ್ನಾಯು ಬಿಗಿಯಾಗಿರುವವರಲ್ಲಿ ಈ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಪಾದ ಬಾಗಿಸಿದಾಗ ಆ ಸ್ನಾಯುವೂ ಎಳೆಯುತ್ತದೆ.

ಒಳ್ಳೆಯ ಕಾಲು ಎತ್ತಿದಾಗ ನೋವಿರುವ ಕಾಲಿಗೆ ಸೆಳೆತ ಬಂದರೆ ಅದನ್ನು ಸುಮ್ನೆ ಬಿಡಬೇಡಿ. ಇದು ಕ್ರಾಸ್ಡ್ ಎಸ್‌ಎಲ್‌ಆರ್. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2010ರ ಕಾಕ್ರೇನ್ ವಿಮರ್ಶೆಯಲ್ಲಿ ಈ ಎರಡೂ ಪರೀಕ್ಷೆಗಳ ಅಂಕಿಗಳಿವೆ, ಅವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಶಸ್ತ್ರಚಿಕಿತ್ಸೆಗೆಂದು ಬಂದ ರೋಗಿಗಳಲ್ಲಿ, ಡಿಸ್ಕ್ ಜಾರಿದ 100 ಜನರಲ್ಲಿ ಸುಮಾರು 92 ಜನರಿಗೆ ಸಾಧಾರಣ ಎಸ್‌ಎಲ್‌ಆರ್ ಪಾಸಿಟಿವ್ ಬಂತು. ಆದರೆ ಡಿಸ್ಕ್ ಜಾರದ 100 ಜನರಲ್ಲೂ ಸುಮಾರು 72 ಜನರಿಗೆ ಪಾಸಿಟಿವ್ ಬಂತು! ಕ್ರಾಸ್ಡ್ ಪರೀಕ್ಷೆಯಲ್ಲಿ ಇದು ಪೂರಾ ತಿರುವುಮುರುವು. ಡಿಸ್ಕ್ ಜಾರಿದವರಲ್ಲಿ 28 ಜನರಲ್ಲಿ ಮಾತ್ರ ಪಾಸಿಟಿವ್, ಜಾರದವರಲ್ಲಿ ಸುಮಾರು 10 ಜನರಲ್ಲಿ ಮಾತ್ರ. ಅಂದರೆ ಸಾಧಾರಣ ಪರೀಕ್ಷೆ ನೆಗೆಟಿವ್ ಬಂದರೆ ಅದಕ್ಕೆ ತೂಕ ಜಾಸ್ತಿ, ಕ್ರಾಸ್ಡ್ ಪರೀಕ್ಷೆ ಪಾಸಿಟಿವ್ ಬಂದರೆ ಅದಕ್ಕೆ ತೂಕ ಜಾಸ್ತಿ. ಒಂದೇ ಮಂಚದ ಮೇಲೆ, ಎರಡು ನಿಮಿಷದಲ್ಲಿ ಎರಡೂ ಮುಗಿಯುತ್ತವೆ.

ಈ ಪರೀಕ್ಷೆ ಕೈಕೊಡುವ ಜಾಗಗಳೂ ಇವೆ. ವಯಸ್ಸಾದವರಲ್ಲಿ ಬೆನ್ನುಹುರಿಯ ಕಾಲುವೆಯೇ ಕಿರಿದಾಗಿ ಕಾಲು ನೋಯುತ್ತದೆ. ಅವರು ಸ್ವಲ್ಪ ದೂರ ನಡೆದರೆ ನಿಲ್ಲಬೇಕಾಗುತ್ತದೆ, ಮುಂದಕ್ಕೆ ಬಾಗಿ ಕೂತರೆ ಹಾಯೆನಿಸುತ್ತದೆ, ಸೈಕಲ್ ಮಾತ್ರ ಆರಾಮಾಗಿ ತುಳಿಯುತ್ತಾರೆ. ಅವರಲ್ಲಿ ಎಸ್‌ಎಲ್‌ಆರ್ ಹೆಚ್ಚಾಗಿ ನೆಗೆಟಿವ್. ತೊಡೆಯ ಮುಂಭಾಗ ನೋಯುವವರಲ್ಲಿ ತೊಂದರೆ ಎಲ್2ರಿಂದ ಎಲ್4ರ ಬೇರುಗಳಲ್ಲಿರಬಹುದು. ಅವರನ್ನು ಬೋರಲು ಮಲಗಿಸಿ ಮಂಡಿ ಮಡಚಿ ನೋಡಬೇಕು. ಆಗ ಎಳೆಯುವುದು ತೊಡೆಯ ಮುಂಭಾಗದ ಫೀಮೋರಲ್ ನರ.

ಇನ್ನೊಂದು ಮಾತು. ಮಲಗಿದಾಗ 30 ಡಿಗ್ರಿಗೇ ನೋವೆನ್ನುವವರು ಕುರ್ಚಿಯಲ್ಲಿ ಕೂತು ಮಾತಾಡುತ್ತಾ ಕಾಲು ಪೂರ್ತಿ ಚಾಚಿಬಿಡುವುದುಂಟು. ಎರಡಕ್ಕೂ ಹೊಂದಿಕೆಯಾಗದಿದ್ದರೆ "ನಾಟಕ" ಎಂದು ತೀರ್ಮಾನಿಸಬೇಡಿ. ಕೂತಾಗ ಸೊಂಟ ಹಿಂದಕ್ಕೆ ವಾಲಿ ಎಳೆತ ಕಡಿಮೆಯಾಗಿರಬಹುದು. ಭಯ, ಸುಸ್ತು, ಕೆಲಸ ಹೋಗುವ ಚಿಂತೆ ಎಲ್ಲವೂ ನೋವನ್ನು ಹೆಚ್ಚಿಸುತ್ತವೆ. ಇಂಥ ಹೊಂದಿಕೆಯಿಲ್ಲದ ಗುರುತುಗಳನ್ನು 1980ರಲ್ಲಿ ಪಟ್ಟಿ ಮಾಡಿದ ಗಾರ್ಡನ್ ವಾಡೆಲ್ ಅವರೂ, ಇವು ಸುಳ್ಳು ಹಿಡಿಯುವ ಸಾಧನವಲ್ಲ ಎಂದೇ ಹೇಳಿದ್ದರು.

ಬಲ, ಸುತ್ತಿಗೆ, ಪಿನ್ನು

ಕಾಲು ಎತ್ತಿದಾಗ ಬೇರು ಕೆರಳಿದೆ ಎಂದು ಗೊತ್ತಾಯಿತು. ಯಾವ ಬೇರು? ಅದನ್ನು ಬಲ, ರಿಫ್ಲೆಕ್ಸ್ (ಸುತ್ತಿಗೆಯಿಂದ ತಟ್ಟಿದಾಗ ಸ್ನಾಯು ತಾನಾಗಿ ಅದುರುವುದು), ಸ್ಪರ್ಶ ಈ ಮೂರೂ ಸೇರಿ ಹೇಳಬೇಕು.

ಮೊದಲು ನಡೆಸಿ ನೋಡಿ. ಹಿಮ್ಮಡಿಯ ಮೇಲೆ ನಡೆಯಲು ಆಗದಿದ್ದರೆ ಎಲ್4, ಎಲ್5 ಕಡೆ ಅನುಮಾನ. ತುದಿಗಾಲಲ್ಲಿ ನಡೆಯಲು ಆಗದಿದ್ದರೆ ಎಸ್1. ಮೀನಖಂಡದ ಬಲವನ್ನು ಮಂಚದ ಮೇಲೆ ಕೈಯಿಂದ ಒತ್ತಿ ನೋಡುವುದು ತೀರಾ ಸಾಮಾನ್ಯವಾದ ತಪ್ಪು. ಇಡೀ ದೇಹದ ಭಾರ ಎತ್ತುವ ಸ್ನಾಯು ಅದು. ಅರ್ಧದಷ್ಟು ಬಲ ಹೋಗಿದ್ದರೂ ನಿಮ್ಮ ಕೈಯನ್ನು ತಳ್ಳಿಬಿಡುತ್ತದೆ. ಗೋಡೆ ಹಿಡಿಸಿ, ಒಂಟಿ ಕಾಲಲ್ಲಿ ನಿಲ್ಲಿಸಿ, ಹಿಮ್ಮಡಿ ಎತ್ತಿ ಇಳಿಸಲು ಹೇಳಿ. ಒಳ್ಳೆಯ ಕಾಲು ಹತ್ತು ಸಲ ಮಾಡಿ, ನೋವಿನ ಕಾಲು ಮೂರಕ್ಕೇ ಸೋತರೆ ಅದೇ ಉತ್ತರ.

ಎಲ್5ಗೆ ಕಾಲಿನ ಹೆಬ್ಬೆರಳೇ ಸಾಕ್ಷಿ. ರೋಗಿ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲಿ, ನೀವು ಒಂದು ಬೆರಳಿನಿಂದ ಕೆಳಕ್ಕೆ ಒತ್ತಿ. ಎರಡೂ ಕಾಲನ್ನು ಒಟ್ಟಿಗೆ ನೋಡಿದರೆ ಸಣ್ಣ ವ್ಯತ್ಯಾಸವೂ ಸಿಗುತ್ತದೆ. ನೋವಿಗೆ ಹೆದರಿ ಬಿಟ್ಟುಕೊಡುವುದೂ ನಿಜವಾದ ನಿಶ್ಶಕ್ತಿಯೂ ಬೇರೆ ಬೇರೆ. ನೋವಿನಿಂದಾದರೆ ಒಂದು ಕ್ಷಣ ಪೂರ್ತಿ ಬಲ ಬಂದು ಆಮೇಲೆ ಕುಸಿಯುತ್ತದೆ. ನರದ ನಿಶ್ಶಕ್ತಿಯಾದರೆ ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಸೋಲುತ್ತದೆ. ಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. ಭೂಮಿಯ ಸೆಳೆತದ ವಿರುದ್ಧ ಎತ್ತಲು ಆದರೆ 3, ಪೂರ್ತಿ ಬಲಕ್ಕೆ 5.

ರಿಫ್ಲೆಕ್ಸ್‌ನಲ್ಲಿ ಮಂಡಿಯದು ಮುಖ್ಯವಾಗಿ ಎಲ್4ರದು, ಹಿಮ್ಮಡಿಯದು ಎಸ್1ರದು. ಎಲ್5ಗೆ ನಂಬಬಹುದಾದ ರಿಫ್ಲೆಕ್ಸ್ ಇಲ್ಲ, ಅದಕ್ಕೇ ಹೆಬ್ಬೆರಳು ಅಷ್ಟು ಮುಖ್ಯ. ಸುತ್ತಿಗೆಯಿಂದ ಕುಟ್ಟಬೇಡಿ. ಮಣಿಕಟ್ಟು ಸಡಿಲ ಬಿಟ್ಟು, ಸುತ್ತಿಗೆ ತನ್ನ ಭಾರಕ್ಕೆ ತಾನೇ ಬೀಳುವಂತೆ ಮಾಡಿ. ಹಿಮ್ಮಡಿಯ ರಿಫ್ಲೆಕ್ಸ್ ನೋಡುವಾಗ ಪಾದವನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ ಹಿಡಿಯಿರಿ. ಸ್ನಾಯುರಜ್ಜು ಸಡಿಲವಾಗಿದ್ದರೆ ರಿಫ್ಲೆಕ್ಸ್ ಇದ್ದರೂ ಕಾಣುವುದಿಲ್ಲ. ಬಾರದಿದ್ದರೆ ಕೂಡಲೇ "ಇಲ್ಲ" ಎಂದು ಬರೆಯಬೇಡಿ. ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಿ, ಅದೇ ಹೊತ್ತಿಗೆ ತಟ್ಟಿ. ಹಂಗೆರಿಯ ಯೆಂಡ್ರಾಸಿಕ್ ಹೇಳಿಕೊಟ್ಟ ಉಪಾಯ ಇದು, ಅಡಗಿದ್ದ ರಿಫ್ಲೆಕ್ಸ್ ಎಷ್ಟೋ ಸಲ ಹೊರಬರುತ್ತದೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎರಡೂ ಹಿಮ್ಮಡಿಯ ರಿಫ್ಲೆಕ್ಸ್ ಹೋಗಿರಬಹುದು. ಒಂದು ಕಡೆ ಮಾತ್ರ ಹೋಗಿದ್ದರೆ ಅದನ್ನು ಡಿಸ್ಕ್‌ನ ಸುಳಿವು ಎಂದು ನೋಡಬೇಕು.

ಸ್ಪರ್ಶದ ವಿಷಯದಲ್ಲಿ ನಾನು ಹೇಳುವುದು ಸ್ವಲ್ಪವೇ. ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಬುಡ ಎಲ್5, ಪಾದದ ಹೊರ ಅಂಚು ಮತ್ತು ಕಿರುಬೆರಳು ಎಸ್1, ಕಣಕಾಲಿನ ಒಳಬದಿ ಎಲ್4. ರೋಗಿ ಕಣ್ಣು ಮುಚ್ಚಿರಲಿ. ಪಿನ್ನು ಪ್ರತಿಯೊಬ್ಬರಿಗೂ ಹೊಸದಿರಲಿ. ಅಕ್ಕಪಕ್ಕದ ಬೇರುಗಳ ಜಾಗಗಳು ಒಂದರ ಮೇಲೊಂದು ಬರುವುದರಿಂದ ಇದೊಂದನ್ನೇ ನಂಬಿ ಬೇರು ಗುರುತಿಸಲು ಹೋಗಬೇಡಿ.

ಪಾದ ಜೋತುಬಿದ್ದಾಗ

ಈ ತೊಂದರೆಯ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. ನಮ್ಮ ಕಡೆ ಇದು ಬರುವ ದಾರಿಗಳೇ ಬೇರೆ. ಒಬ್ಬರಿಗೆ ಇದ್ದಕ್ಕಿದ್ದಂತೆ ಪಾದ ಮೇಲೆತ್ತಲು ಆಗುವುದಿಲ್ಲ, ಚಪ್ಪಲಿ ಜಾರಿ ಹೋಗುತ್ತದೆ, ನಡೆಯುವಾಗ ಬೆರಳು ನೆಲಕ್ಕೆ ಎಡವುತ್ತದೆ. ಸ್ಕ್ಯಾನ್‌ನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ. ತಕ್ಷಣ ಆಪರೇಷನ್ ಮಾತು ಬರುತ್ತದೆ. ಆದರೆ ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ಪೆರೋನಿಯಲ್ ನರ ಮಂಡಿಯ ಹೊರಬದಿಯಲ್ಲಿ, ಕಣಕಾಲಿನ ತೆಳು ಮೂಳೆಯ ಕುತ್ತಿಗೆಯನ್ನು ಸುತ್ತಿ ಹೋಗುವ ಕಡೆ ಚರ್ಮದ ಕೆಳಗೇ ಇದೆ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತರೆ, ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕೂತರೆ, ಪ್ಲಾಸ್ಟರ್ ಬಿಗಿಯಾದರೆ ಅದು ಅಲ್ಲೇ ನಜ್ಜಾಗಬಹುದು. ಆಗ ಬೆನ್ನಿನದೇನೂ ತಪ್ಪಿರುವುದಿಲ್ಲ.

ಎರಡನ್ನೂ ಬೇರೆ ಮಾಡುವ ಪರೀಕ್ಷೆಗೆ ಒಂದು ನಿಮಿಷ ಸಾಕು. ಪಾದವನ್ನು ಒಳಕ್ಕೆ ತಿರುಗಿಸಿ, ಅಂಗಾಲುಗಳು ಒಂದನ್ನೊಂದು ನೋಡುವಂತೆ ಹಿಡಿಯಲು ಹೇಳಿ. ಈ ಕೆಲಸ ಮಾಡುವ ಮುಖ್ಯ ಸ್ನಾಯುವಿಗೂ ಎಲ್5 ಬೇರೇ ಬೇಕು, ಆದರೆ ಅದಕ್ಕೆ ನರ ಹೋಗುವುದು ಪೆರೋನಿಯಲ್ ದಾರಿಯಲ್ಲಲ್ಲ, ಸಯಾಟಿಕ್ ನರದ ಇನ್ನೊಂದು ಕವಲಾದ ಟಿಬಿಯಲ್ ನರದ ದಾರಿಯಲ್ಲಿ. ಆಮೇಲೆ ಪಕ್ಕಕ್ಕೆ ಮಲಗಿಸಿ ಇಡೀ ಕಾಲನ್ನು ಮೇಲಕ್ಕೆ ಎತ್ತಿಸಿ. ಅದೂ ಎಲ್5ನ ಕೆಲಸ, ಪೆರೋನಿಯಲ್‌ನದಲ್ಲ. ಈ ಎರಡೂ ಗಟ್ಟಿಯಾಗಿದ್ದು ಪಾದ ಮಾತ್ರ ಜೋತುಬಿದ್ದಿದ್ದರೆ ತೊಂದರೆ ಮಂಡಿಯ ಪಕ್ಕದಲ್ಲಿದೆ. ಇವೂ ಸೋತಿದ್ದರೆ ಬೆನ್ನಿನಲ್ಲಿದೆ.

ಅಲ್ಲಿಗೇ ಬಿಡದೆ, ಮಂಡಿಯ ಹೊರಬದಿಯ ಆ ನರವನ್ನು ಬೆರಳಿನಿಂದ ಹೊರಳಿಸಿ ನೋಡಿ. ದಪ್ಪಗಾಗಿ, ಮುಟ್ಟಿದರೆ ನೋಯುತ್ತಿದೆಯೇ? ಚರ್ಮದ ಮೇಲೆ ಎಲ್ಲಾದರೂ ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ ಇದೆಯೇ? ಕುಷ್ಠರೋಗ ನಮ್ಮ ದೇಶದಿಂದ ಪೂರ್ತಿ ಹೋಗಿಲ್ಲ. ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ. ಮೊಣಕೈ ಹಿಂದಿನ ಅಲ್ನಾರ್ ನರ, ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಹೋಗುವ ನರ ಇವನ್ನೂ ಮುಟ್ಟಿ ನೋಡಬೇಕು. ಬೇಗ ಹಿಡಿದರೆ ಔಷಧದಿಂದ ಗುಣವಾಗುವ ಕಾಯಿಲೆ ಇದು. ಯಾವ ಬೆನ್ನಿನ ಸ್ಕ್ಯಾನೂ ಇದನ್ನು ತೋರಿಸುವುದಿಲ್ಲ.

ಕುತ್ತಿಗೆ ಮತ್ತು ಬೆನ್ನುಹುರಿ

ಕುತ್ತಿಗೆಯಿಂದ ತೋಳಿಗೆ ಇಳಿಯುವ ನೋವಿಗೆ ಸ್ಪರ್ಲಿಂಗ್ ಪರೀಕ್ಷೆ ಇದೆ. 1944ರಲ್ಲಿ ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಬರೆದದ್ದು. ರೋಗಿ ಕೂತಿರುವಾಗ ತಲೆಯನ್ನು ನೋವಿರುವ ಕಡೆಗೆ ವಾಲಿಸಿ, ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೇಲಿನಿಂದ ಮೆಲ್ಲಗೆ ಒತ್ತುತ್ತಾರೆ. ನರ ಹೊರಬರುವ ಕಿಂಡಿ ಕಿರಿದಾಗಿ ತೋಳಿನ ನೋವು ಮರುಕಳಿಸಿದರೆ ಪಾಸಿಟಿವ್. ಹಂತಹಂತವಾಗಿ ಮಾಡಿ. ಬರೀ ವಾಲಿಸಿದಾಗಲೇ ತೋಳಿಗೆ ನೋವು ಬಂದರೆ ಅಲ್ಲಿಗೆ ಮುಗಿಯಿತು, ಒತ್ತುವ ಅಗತ್ಯವೇ ಇಲ್ಲ. ಬಿದ್ದು ಪೆಟ್ಟಾದವರಿಗೆ, ಸಂಧಿವಾತದಿಂದ ಕುತ್ತಿಗೆ ಕೀಲು ಸಡಿಲಾದವರಿಗೆ, ಬೆನ್ನುಮೂಳೆಯ ಟಿಬಿ ಅನುಮಾನ ಇರುವವರಿಗೆ ಇದನ್ನು ಮಾಡಲೇಬಾರದು. ವಿಡಿಯೋ ನೋಡಿ ಮನೆಯಲ್ಲಿ ಒಬ್ಬರ ತಲೆಯನ್ನು ಇನ್ನೊಬ್ಬರು ಒತ್ತುವುದಂತೂ ಖಂಡಿತ ಬೇಡ. ಇದರ ಜೊತೆಗೆ ತೋಳಿನ ನರ ಎಳೆದು ನೋಡುವುದು, ತಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿದಾಗ ಹಾಯೆನಿಸುತ್ತದೆಯೇ ಕೇಳುವುದು, ನೋವಿನ ಕಡೆಗೆ ತಲೆ 60 ಡಿಗ್ರಿಯಾದರೂ ತಿರುಗುತ್ತದೆಯೇ ನೋಡುವುದು: ಈ ನಾಲ್ಕೂ ಒಂದೇ ಕಡೆ ಬೆರಳು ತೋರಿಸಿದರೆ ಕುತ್ತಿಗೆಯ ಬೇರೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು. ರಾತ್ರಿ ಮೂರು ಬೆರಳು ಜೋಮು ಹಿಡಿದು ಕೈ ಕೊಡವುವವರಲ್ಲಿ ಮಾತ್ರ ಮೊದಲು ಮಣಿಕಟ್ಟು ನೋಡಿ. ಮಣಿಕಟ್ಟನ್ನು ಒಳಕ್ಕೆ ಮಡಚಿ 60 ಸೆಕೆಂಡ್ ಹಿಡಿದಾಗ ಜೋಮು ಬಂದರೆ ನರ ಸಿಕ್ಕಿಕೊಂಡಿರುವುದು ಹೆಚ್ಚಾಗಿ ಅಲ್ಲೇ.

ಕುತ್ತಿಗೆಯಲ್ಲಿ ಬೇರಿನ ಬದಲು ಬೆನ್ನುಹುರಿಯೇ ಒತ್ತಿಕೊಂಡರೆ ಕತೆ ಗಂಭೀರ. ಅಲ್ಲಿ ನೋವು ಇರಲೇಬೇಕೆಂದಿಲ್ಲ. ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ, ಸೀರೆಯ ನೆರಿಗೆ ಹಿಡಿಯಲು ಬೆರಳು ಕೇಳುತ್ತಿಲ್ಲ, ನಡೆದರೆ ಕಾಲು ಬಿಗಿದ ಹಾಗೆ, ಕತ್ತಲಲ್ಲಿ ತೂರಾಡಿದ ಹಾಗೆ: ಇಂಥ ಮಾತು ಕೇಳಿದರೆ ಕಿವಿ ನೆಟ್ಟಗಾಗಬೇಕು. ಮಧ್ಯದ ಬೆರಳಿನ ಉಗುರನ್ನು ಚಿಮ್ಮಿಸಿ ನೋಡಿ, ಹೆಬ್ಬೆರಳು ತಾನಾಗಿ ಮಡಚಿಕೊಂಡರೆ ಅದು ಹಾಫ್‌ಮನ್ ಗುರುತು. ಆರೋಗ್ಯವಾಗಿರುವ ಕೆಲವರಲ್ಲೂ ಇದು ಕಾಣುತ್ತದೆ, ಹಾಗಾಗಿ ಒಂಟಿಯಾಗಿ ನಂಬಬೇಡಿ.

ಅದಕ್ಕಿಂತ ಗಟ್ಟಿಯಾದದ್ದು ಬಬಿನ್ಸ್ಕಿ ಗುರುತು. ಪ್ಯಾರಿಸ್‌ನಲ್ಲಿದ್ದ ಜೋಸೆಫ್ ಬಬಿನ್ಸ್ಕಿ 1896ರಲ್ಲಿ ಇದನ್ನು ವಿವರಿಸಿದರು. ಮೊಂಡಾದ ತುದಿಯಿಂದ ಅಂಗಾಲಿನ ಹೊರ ಅಂಚಿನಲ್ಲಿ, ಹಿಮ್ಮಡಿಯಿಂದ ಶುರುಮಾಡಿ ಬೆರಳುಗಳ ಬುಡದವರೆಗೆ ನಿಧಾನವಾಗಿ ಎಳೆದು, ಕೊನೆಗೆ ಒಳಕ್ಕೆ ತಿರುಗಿಸಿ. ನೋಡಬೇಕಾದದ್ದು ಹೆಬ್ಬೆರಳಿನ ಮೊಟ್ಟಮೊದಲ ಚಲನೆ. ಮೇಲಕ್ಕೆ ಎದ್ದರೆ ಮಿದುಳಿನಿಂದ ಬೆನ್ನುಹುರಿಗೆ ಬರುವ ದಾರಿಯಲ್ಲಿ ಎಲ್ಲೋ ತೊಂದರೆ ಇದೆ. ನಡೆಯಲು ಕಲಿಯದ ಕೂಸುಗಳಲ್ಲಿ ಮಾತ್ರ ಇದು ಸಹಜ. ಅಂಗಾಲಿನ ನಡುವೆ ಗೀಚಿದರೆ ಕಚಗುಳಿಯಾಗಿ ಇಡೀ ಕಾಲನ್ನೇ ಎಳೆದುಕೊಳ್ಳುತ್ತಾರೆ. ಅದನ್ನು ಪಾಸಿಟಿವ್ ಎಂದು ಬರೆದುಬಿಟ್ಟರೆ ಒಬ್ಬ ಆರೋಗ್ಯವಂತ ಮನುಷ್ಯ ನಿದ್ದೆ ಕಳೆದುಕೊಳ್ಳುತ್ತಾನೆ.

ಹಿಮ್ಮಡಿಯ ರಿಫ್ಲೆಕ್ಸ್ ಇಲ್ಲ, ಆದರೆ ಬಬಿನ್ಸ್ಕಿ ಪಾಸಿಟಿವ್. ಇಂಥ ವಿಚಿತ್ರ ಜೋಡಿ ಸಿಕ್ಕರೆ ಬಿ12 ವಿಟಮಿನ್ ನೆನಪಾಗಬೇಕು. ಅದರ ಕೊರತೆ ಬೆನ್ನುಹುರಿಯನ್ನೂ ಹೊರಗಿನ ನರಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ಬಿ12 ಸಿಗುವುದು ಮಾಂಸ, ಮೊಟ್ಟೆ, ಹಾಲಿನಂಥ ಆಹಾರಗಳಿಂದ. ಸಸ್ಯಾಹಾರಿಗಳು ಜಾಸ್ತಿ ಇರುವ ನಮ್ಮಲ್ಲಿ, ಅದರಲ್ಲೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ, ಇದನ್ನು ಮರೆಯುವ ಹಾಗೇ ಇಲ್ಲ.

ಸಂಕೋಚಕ್ಕೆ ಬಿಟ್ಟುಬಿಡುವ ಪರೀಕ್ಷೆ

ಸೊಂಟದ ಮೇಲ್ಭಾಗದಲ್ಲಿ ಬೆನ್ನುಹುರಿ ಮುಗಿದ ಮೇಲೆ ನರಗಳ ಒಂದು ಗೊಂಚಲು ಇಳಿಯುತ್ತದೆ. ಅದಕ್ಕೆ ಕಾಡಾ ಈಕ್ವೈನಾ ಎಂದು ಹೆಸರು. ದೊಡ್ಡ ಡಿಸ್ಕ್ ಇಡೀ ಗೊಂಚಲನ್ನೇ ಒತ್ತಿದರೆ ಮೂತ್ರ, ಮಲ, ಲೈಂಗಿಕ ಕ್ರಿಯೆ ಮೂರರ ಹಿಡಿತವೂ ತಪ್ಪುತ್ತದೆ. ತಡವಾದರೆ ಅದು ಮರಳಿ ಬಾರದೆಯೂ ಇರಬಹುದು. ಇದು ಅಪರೂಪ, ಆದರೆ ಕಾಲು ನೋವಿನ ಪ್ರತಿ ರೋಗಿಯನ್ನೂ ಇದರ ಬಗ್ಗೆ ಕೇಳಲೇಬೇಕು. ಮೂತ್ರ ಮಾಡುವಾಗ ಹರಿಯುವುದು ಗೊತ್ತಾಗುತ್ತದೆಯೇ? ತಡೆದು ತಡೆದು ಬರುತ್ತಿದೆಯೇ? ತೊಡೆಸಂದು, ಗುದದ ಸುತ್ತ, ಅಂದರೆ ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಜೋಮು ಇದೆಯೇ? ನೋವು ಎರಡೂ ಕಾಲಿಗೆ ಬಂದಿದೆಯೇ?

ಒಂದಕ್ಕೆ ಹೌದು ಎಂದರೂ ಆ ಜಾಗದ ಸ್ಪರ್ಶವನ್ನು ಪಿನ್ನಿನಿಂದ, ಎಡಕ್ಕೂ ಬಲಕ್ಕೂ ನೋಡಬೇಕು. ಇಲ್ಲಿ ಸಂಕೋಚ ಅಡ್ಡ ಬರುತ್ತದೆ. ರೋಗಿಗೂ ಸಂಕೋಚ, ಪರೀಕ್ಷಿಸುವವರಿಗೂ ಸಂಕೋಚ. ಯಾಕೆ ಬೇಕು ಎಂದು ವಿವರಿಸಿ, ಒಪ್ಪಿಗೆ ಕೇಳಿ, ಪರದೆ ಎಳೆದು, ಜೊತೆಗೆ ಒಬ್ಬ ನರ್ಸ್ ಇಟ್ಟುಕೊಂಡು ಮಾಡಿದರೆ ಯಾರೂ ಬೇಡ ಎನ್ನುವುದಿಲ್ಲ. ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. 200 ಮಿಲಿಲೀಟರ್‌ಗಿಂತ ಜಾಸ್ತಿ ಉಳಿದರೆ ಅನುಮಾನ ಬಲವಾಗುತ್ತದೆ. ಕಡಿಮೆ ಇದ್ದರೂ ಉಳಿದ ಗುರುತುಗಳು ಇದ್ದರೆ ಸುಮ್ಮನಿರುವಂತಿಲ್ಲ. ಎಂಆರ್‌ಐ ನಿಜಕ್ಕೂ ಅದೇ ದಿನ, ಅದೇ ಹೊತ್ತಿಗೆ ಬೇಕಾಗುವುದು ಇಲ್ಲಿ.

ರೋಗಿಗಳಿಗೂ ಮನೆಯವರಿಗೂ ಇಷ್ಟು ಹೇಳಬೇಕು: ಇಂಥ ಜೋಮು ಅಥವಾ ಮೂತ್ರದ ತೊಂದರೆ ಶುರುವಾದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಕೌಂಟರಿನಲ್ಲಿ "ಸೊಂಟ ನೋವು" ಎಂದಷ್ಟೇ ಬರೆಸಿದರೆ ಸಾಲಿನ ಕೊನೆಯಲ್ಲಿ ಕೂರಬೇಕಾಗುತ್ತದೆ. "ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ, ಇಷ್ಟು ಗಂಟೆಯಿಂದ" ಎಂದು ಬಿಡಿಸಿ ಹೇಳಿ.